ಪರದೆಗಳ ನಡುವೆ ಮೈಕು ಬೇಡ, ಜವಾಬಿ ಕಾರ್ಡು ಸಾಕು

ಈ ಸಲ ಸ್ವಲ್ಪ ತಾಂತ್ರಿಕ ವಿಷಯ. ಲಹರಿ, ಹರಟೆ, ಪ್ರವಾಸ ಕಥನ ಓದಲು ಬಂದವರು ಹೆದರಿ ಓಡಬೇಡಿ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ಗೊತ್ತಿದ್ದವರು ಜಗಳಕ್ಕೆ ಬನ್ನಿ, ನಾನು ತಯಾರಾಗಿಯೇ ಕುಳಿತಿದ್ದೇನೆ :-)

ಮೊಬೈಲ್ ಆ್ಯಪ್ ಎಂದರೆ ಹಲವು ಪರದೆಗಳ ಕಟ್ಟು. ಒಂದು ಪರದೆಯಲ್ಲಿ ಪಟ್ಟಿ ಇರುತ್ತದೆ, ಒಂದನ್ನು ಒತ್ತಿದರೆ ಇನ್ನೊಂದು ಪರದೆಯಲ್ಲಿ ವಿವರ, ಅಲ್ಲಿ ಏನಾದರೂ ತಿದ್ದಿ 'ಉಳಿಸು' ಎಂದರೆ ಮತ್ತೆ ಪಟ್ಟಿ. ಐಫೋನಿನಲ್ಲಿ ಹೀಗೆ ಒಂದೊಂದು ಪರದೆಯನ್ನು ನೋಡಿಕೊಳ್ಳುವ ತುಣುಕಿಗೆ ವ್ಯೂ ಕಂಟ್ರೋಲರ್ ಎಂದು ಹೆಸರು. 2008ರಲ್ಲಿ ಹೊರಗಿನವರಿಗೆ ಐಫೋನ್ ಆ್ಯಪ್ ಬರೆಯಲು ಅವಕಾಶ ಸಿಕ್ಕಿದ ದಿನದಿಂದ ಇವು ಇವೆ. ಒಂದು ಪರದೆಯಲ್ಲಿ ಒತ್ತಿದ್ದು ಇನ್ನೊಂದಕ್ಕೆ ಗೊತ್ತಾಗಬೇಕಲ್ಲ, ಆ ಸುದ್ದಿ ಹೋಗುವುದು ಹೇಗೆ? ಕೇಳಲು ಬಹಳ ಸಣ್ಣ ಪ್ರಶ್ನೆ. ಆದರೆ ನಾಲ್ಕು ಜನ ಐಫೋನ್ ಪ್ರೋಗ್ರಾಮರುಗಳನ್ನು ಒಂದು ಮೇಜಿನ ಸುತ್ತ ಕೂರಿಸಿ ಇದನ್ನು ಕೇಳಿ ನೋಡಿ, ಚಾ ಆರಿ ಹೋದರೂ ವಾದ ಮುಗಿಯುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಗಳಿಗೆ ಒಂದರ ಪರಿಚಯ ಇನ್ನೊಂದಕ್ಕೆ ಎಷ್ಟು ಕಡಿಮೆ ಇರುತ್ತದೋ ಅಷ್ಟು ಒಳ್ಳೆಯದು. ಹೋಗುವಾಗ ಬೇಕಾದ್ದನ್ನು ಕೈಗೆ ಕೊಟ್ಟು ಕಳಿಸಿ, ಬರುವಾಗ ಉತ್ತರ ತರಿಸಿಕೊಳ್ಳಿ, ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಇಡಿ. ಮೈಕು ಕಟ್ಟಿ ಊರಿಗೆಲ್ಲ ಸಾರುವ ಅಭ್ಯಾಸ ಬಿಡಿ. ಇಷ್ಟೆ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಉಂಟು.

ನಮ್ಮದು ಅಳದಂಗಡಿ. ಬೆಳ್ತಂಗಡಿ ತಾಲೂಕು, ಗುರುವಾಯನಕೆರೆಯಿಂದ ನಾರಾವಿ ಕಡೆ ಹೋಗುವ ದಾರಿ. ಅಜಿಲ ಅರಸರ ಊರು ಎಂದರೆ ಕೆಲವರಿಗೆ ಗೊತ್ತಾದೀತು. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಮನೆತನ ಅದು. ಊರಿಡೀ ಅಡಿಕೆ ತೋಟ. ಅಡಿಕೆ ಇದ್ದಲ್ಲಿ ಕೊಳೆರೋಗದ ಹೆದರಿಕೆ, ಕೊಳೆರೋಗದ ಹೆದರಿಕೆ ಇದ್ದಲ್ಲಿ ಮಳೆಯ ಲೆಕ್ಕ. ಜಿಲ್ಲೆಯ ವಾರ್ಷಿಕ ಸರಾಸರಿಯೇ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಬಿದ್ದು ಮುಗಿಯುತ್ತದೆ. ಸರಕಾರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಬಂದಿವೆ. ಆದರೂ ಪಂಚಾಯಿತಿ ಕಟ್ಟಡದ ಹತ್ತಿರ ಬಿದ್ದ ಮಳೆ ಬೇರೆ, ಗುಡ್ಡದ ಆಚೆಗಿನ ತೋಟದಲ್ಲಿ ಬಿದ್ದ ಮಳೆ ಬೇರೆ. ಹಾಗಾಗಿ ಸ್ವಂತ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುವ ಕೃಷಿಕರು ನಮ್ಮ ಕಡೆ ಇದ್ದಾರೆ. ನಮ್ಮ ಮಾವನೂ ಅಂಥವರಲ್ಲಿ ಒಬ್ಬರು. ಬರೆಯುವುದು ಗೋಡೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ಈ ಲೆಕ್ಕ ಬರೀ ಹವ್ಯಾಸಕ್ಕಲ್ಲ. ಕೊಳೆರೋಗ ಬಾರದ ಹಾಗೆ ಮಳೆಗಾಲದ ಮೊದಲೇ ಒಂದು ಸಲ ಮದ್ದು ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದೇ ಬೋರ್ಡೋ ದ್ರಾವಣ. ಇದೇನು ಹೊಸ ವಿದ್ಯೆಯಲ್ಲ, ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಹೊತ್ತಿಗೇ ಕೊಳೆರೋಗದ ಬಗ್ಗೆ ಪುಸ್ತಿಕೆ ಪ್ರಕಟಿಸಿದ್ದರು. ಮೊದಲ ಮದ್ದಾಗಿ 40-45 ದಿನಕ್ಕೆ ಎರಡನೆಯದು. ಮಳೆ ಬಿಡದೆ ಹೊಡೆದರೆ ಮೂರನೆಯದೂ ಬೇಕು. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕಿದ ದಿನ ಮಳೆ ಬಿಟ್ಟಿರಬೇಕು. ಹಾಗಾಗಿ 'ಮದ್ದು ಬಿಟ್ಟು ಎಷ್ಟು ದಿನ ಆಯ್ತು, ಆಮೇಲೆ ಎಷ್ಟು ಮಳೆ ಬಿತ್ತು' ಎಂಬ ಎರಡು ಅಂಕಿ ತೋಟದವನಿಗೆ ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ಮುಖ್ಯ.

ಮಾವನ ಮಗಳು ಅಮೆರಿಕದಿಂದ ಬರುವಾಗ ತಾನು ಬಳಸಿ ಬಿಟ್ಟ ಐಫೋನ್ ತಂದುಕೊಟ್ಟಿದ್ದಳು. ಸಂಬಂಧದ ಹುಡುಗನೊಬ್ಬ, ಆಗ ಇಂಜಿನಿಯರಿಂಗ್ ಓದುತ್ತಿದ್ದವ, ಅದಕ್ಕೊಂದು ಮಳೆ ಲೆಕ್ಕದ ಆ್ಯಪ್ ಬರೆದು ಹಾಕಿಕೊಟ್ಟ. ಮೂರೇ ಪರದೆ. ಒಂದು ದಿನವಾರು ಪಟ್ಟಿ. ಎರಡನೆಯದು ಇವತ್ತಿನ ಮಳೆ ಬರೆಯುವ ಪರದೆ. ಮೂರನೆಯದು ಮದ್ದಿನ ಪರದೆ, ಕೊನೆಯ ಮದ್ದು ಯಾವಾಗ, ಆಮೇಲೆ ಒಟ್ಟು ಎಷ್ಟು ಮಳೆ ಎಂದು ತೋರಿಸುವುದು. ನೋಡಲು ಚಂದವೇ ಇತ್ತು. ಕನ್ನಡದಲ್ಲೇ ಇತ್ತು. ಮಾವ ಒಂದು ಮಳೆಗಾಲ ಸಂತೋಷದಿಂದ ಬಳಸಿದರು.

2024ರ ಜುಲೈ ನೆನಪಿರಬಹುದು, ಕರಾವಳಿಯಲ್ಲಿ ಹಗಲು ರಾತ್ರಿ ಎನ್ನದೆ ಸುರಿದ ತಿಂಗಳು. ನಾನು ಊರಲ್ಲೇ ಇದ್ದೆ. ಮಾವ ಫೋನ್ ಹಿಡಿದುಕೊಂಡು ಬಂದು, "ಇದು ಎಂತದು ಮಾರಾಯ? ಪಟ್ಟಿಯಲ್ಲಿ ಕೂಡಿಸಿದರೆ ಒಂದು ಲೆಕ್ಕ, ಮದ್ದಿನ ಹತ್ತಿರ ಇನ್ನೊಂದು ಲೆಕ್ಕ. ಇದರಲ್ಲಿ ಯಾವುದನ್ನು ನಂಬುದು?" ಎಂದು ಕೇಳಿದರು. ಎರಡರ ನಡುವೆ ನೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ! ಬರೆದುಕೊಟ್ಟ ಹುಡುಗ ಅಷ್ಟರಲ್ಲಿ ಕೆಲಸಕ್ಕೆ ಸೇರಿ ಬೇರೆ ಊರಿಗೆ ಹೋಗಿದ್ದ. ಅವನಿಂದ ಕೋಡ್ ತರಿಸಿ ಬಿಚ್ಚಿ ನೋಡಿದೆ.

ಒಳಗೆ ಇದ್ದದ್ದು ಮೈಕು.

ಐಫೋನಿನಲ್ಲಿ ನೋಟಿಫಿಕೇಶನ್ ಸೆಂಟರ್ ಎಂದೊಂದು ವ್ಯವಸ್ಥೆ ಇದೆ. (ಫೋನಿನ ಮೇಲೆ ಬಂದು ಬೀಳುವ ನೋಟಿಫಿಕೇಶನ್ ಅಲ್ಲ, ಅದು ಬೇರೆ. ಇದು ಆ್ಯಪಿನ ಒಳಗಿನ ವ್ಯವಹಾರ.) ನಮ್ಮ ಕಡೆ ಬಯಲಾಟ ಇದ್ದರೆ, ಜಾತ್ರೆ ಇದ್ದರೆ ರಿಕ್ಷಾಕ್ಕೋ ಜೀಪಿಗೋ ಮೈಕು ಕಟ್ಟಿ ಸಾರುತ್ತಾ ಹೋಗುತ್ತಾರಲ್ಲ, ಥೇಟ್ ಹಾಗೆಯೇ. ಒಂದು ಪರದೆ 'ಮಳೆ ಉಳಿಸಿ ಆಯ್ತು' ಎಂದು ಸಾರುತ್ತದೆ. ಆ ಹೆಸರಿಗೆ ಕಿವಿ ಕೊಟ್ಟು ಕುಳಿತ ಪರದೆಗಳಿಗೆಲ್ಲ ಕೇಳುತ್ತದೆ. ಸಾರುವವನಿಗೆ ಯಾರು ಕೇಳಿದರು ಎಂದು ಗೊತ್ತಿಲ್ಲ, ಕೇಳುವವನಿಗೆ ಯಾರು ಸಾರಿದರು ಎಂದು ಗೊತ್ತಿರಬೇಕಾಗಿಲ್ಲ. ಎರಡು ಸಾಲಿನ ಕೆಲಸ. ಕಲಿಯುವವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ ಅನಿಸುತ್ತದೆ, ಅದಕ್ಕೇ ಎಲ್ಲರೂ ಇದಕ್ಕೇ ಬೀಳುತ್ತಾರೆ.

ಈಗ ಎಡವಟ್ಟು ನೋಡಿ. ಮದ್ದಿನ ಪರದೆ ಕಿವಿ ಕೊಡಲು ಶುರು ಮಾಡುತ್ತಿದ್ದದ್ದು 'ವ್ಯೂ ಡಿಡ್ ಲೋಡ್' ಎಂಬ ಹಂತದಲ್ಲಿ, ಅಂದರೆ ಆ ಪರದೆ ಮೊದಲ ಬಾರಿಗೆ ಎದ್ದು ನಿಲ್ಲುವಾಗ. ಕೆಳಗಡೆ ಟ್ಯಾಬುಗಳಿರುವ ಆ್ಯಪುಗಳಲ್ಲಿ ಒಂದು ಟ್ಯಾಬನ್ನು ನೀವು ಒತ್ತುವವರೆಗೆ ಅದರ ಪರದೆ ಏಳುವುದೇ ಇಲ್ಲ. ಮಾವ ಬೆಳಿಗ್ಗೆ ಆ್ಯಪ್ ತೆರೆದು ಮಳೆ ಬರೆದು ಮುಚ್ಚಿದರೆ, ಮದ್ದಿನ ಟ್ಯಾಬು ಮುಟ್ಟದೇ ಇದ್ದರೆ, ಅವತ್ತಿನ ಮಳೆ ಆ ಪರದೆಯ ಲೆಕ್ಕಕ್ಕೆ ಸೇರಲಿಲ್ಲ. ರಿಕ್ಷಾ ಸಾರಿಕೊಂಡು ಹೋಯಿತು, ಮನೆಯಲ್ಲಿ ಯಾರೂ ಇರಲಿಲ್ಲ. ರಿಕ್ಷಾ ಮತ್ತೆ ಬರುವುದಿಲ್ಲ.

ಇನ್ನೊಂದು. 42 ಎಂದು ಬರೆದದ್ದನ್ನು ಮಾವ ಕನ್ನಡಕ ಹಾಕಿಕೊಂಡು ನೋಡಿ 24 ಎಂದು ತಿದ್ದುತ್ತಾರೆ. 'ಉಳಿಸು' ಒತ್ತಿದಾಗ ಮೈಕು ಮತ್ತೆ '24' ಎಂದು ಸಾರುತ್ತದೆ. ಕೇಳಿಸಿಕೊಂಡ ಪರದೆ ತನ್ನಲ್ಲಿದ್ದ 42ಕ್ಕೆ 24 ಕೂಡಿಸಿ 66 ಮಾಡಿ ಕೂರುತ್ತದೆ. ಇದು ತಿದ್ದುಪಡಿಯೋ ಹೊಸ ಮಳೆಯೋ ಎಂದು ಮೈಕಿನಲ್ಲಿ ಬಂದ ದನಿಗೆ ಹೇಳಲು ಗೊತ್ತಿಲ್ಲ. ಹೀಗೆ ಕೆಲವು ದಿನ ಕಡಿಮೆಯಾಗಿ, ಕೆಲವು ದಿನ ಹೆಚ್ಚಾಗಿ, ಒಂದಕ್ಕೊಂದು ತಾಳೆಯಿಲ್ಲದ ಎರಡು ಲೆಕ್ಕ ಹುಟ್ಟಿಕೊಂಡಿತು.

ಇದರಲ್ಲಿ ನನಗೆ ಬೇಸರವಾದದ್ದು ಅಂಕಿಗಾಗಿ ಅಲ್ಲ. ಮಾವ ಆ ದಿನವೇ ಕ್ಯಾಲೆಂಡರಿಗೆ ವಾಪಸು ಹೋದರು. "ಅದು ಹೋಗಲಿ ಬಿಡು, ಇದು ಸುಳ್ಳು ಹೇಳುದಿಲ್ಲ" ಎಂದು ಗೋಡೆ ತೋರಿಸಿದರು. ಊರಿನ ಹಿರಿಯರೊಬ್ಬರು ಎಪ್ಪತ್ತರ ವಯಸ್ಸಿನಲ್ಲಿ ಕನ್ನಡದ ಆ್ಯಪೊಂದನ್ನು ನಂಬಿ ಕಲಿತು, ಒಂದೇ ಮಧ್ಯಾಹ್ನದಲ್ಲಿ ಆ ನಂಬಿಕೆ ಕಳೆದುಕೊಂಡರು. ಕಾರಣ ಮೂರು ಪರದೆಗಳ ನಡುವಿನ ಮಾತುಕತೆ. ಇಂಥದ್ದನ್ನು 'ಒಳಗಿನ ವಿನ್ಯಾಸದ ವಿಷಯ, ಬಳಸುವವರಿಗೆ ಸಂಬಂಧವಿಲ್ಲ' ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

*

ಹಾಗಾದರೆ ಬೇರೆ ದಾರಿಗಳು ಯಾವುವು? ಒಂದೊಂದಾಗಿ ನೋಡೋಣ.

ಮೊದಲನೆಯದು, ಹೋಗುವಾಗ ಕೈಗೆ ಕೊಡುವುದು. ಮೊದಲ ಪರದೆಯಿಂದ ಎರಡನೆಯದು ತೆರೆಯುವಾಗ ಅದಕ್ಕೆ ಬೇಕಾದ್ದನ್ನು ಆಗಲೇ ಕೊಟ್ಟು ಕಳಿಸಿದರೆ ಆಯಿತು. ಯಾವ ದಿನಾಂಕ, ಈಗಾಗಲೇ ಬರೆದ ಅಂಕಿ ಎಷ್ಟು, ಅಷ್ಟೆ. ಇದರಲ್ಲಿ ಹೊಸಬರು ಒಂದು ಕಡೆ ಸಿಕ್ಕಿಬೀಳುತ್ತಾರೆ. ಪರದೆ ತಯಾರಾಗುವ ಹೊತ್ತಿಗೆ ಅದರ ಲೇಬಲ್ಲುಗಳು ಇನ್ನೂ ಹುಟ್ಟಿರುವುದಿಲ್ಲ. ಆ ಲೇಬಲ್ಲಿಗೇ ನೇರವಾಗಿ ಅಕ್ಷರ ಹಾಕಲು ಹೋದರೆ ಆ್ಯಪ್ ದೊಪ್ಪನೆ ಬೀಳುತ್ತದೆ. ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚದವನಿಗೆ ಕಿರೀಟ ಇಡಲು ಹೋದ ಹಾಗೆ. ಅಂಕಿಯನ್ನು ಮಾತ್ರ ಕೊಡಿ, ಲೇಬಲ್ಲಿಗೆ ಹಾಕಿಕೊಳ್ಳುವ ಕೆಲಸ ಆ ಪರದೆ ತಾನೇ ಮಾಡಿಕೊಳ್ಳಲಿ.

ಎರಡನೆಯದು ಡೆಲಿಗೇಟ್. ಉತ್ತರ ವಾಪಸು ತರುವ ದಾರಿ. 'ನಿನ್ನ ಕೆಲಸ ಆದ ಮೇಲೆ ಇಂಥವರಿಗೆ ಹೇಳು' ಎಂದು ಒಬ್ಬರನ್ನು ಗೊತ್ತು ಮಾಡಿ ಕಳಿಸುವುದು. ಆ 'ಇಂಥವರು' ಯಾರೆಂದು ಎರಡನೇ ಪರದೆಗೆ ಗೊತ್ತಿರಬೇಕಾಗಿಲ್ಲ, ಅವರಿಗೆ ಇಂತಿಂಥ ಮಾತು ಅರ್ಥವಾಗುತ್ತದೆ ಎಂಬ ಒಪ್ಪಂದ ಇದ್ದರೆ ಸಾಕು. ಇದು ಬಹಳ ಹಳೆಯ ಪದ್ಧತಿ. ಸ್ಟೀವ್ ಜಾಬ್ಸ್ 1985ರಲ್ಲಿ ಆ್ಯಪಲ್ ಬಿಟ್ಟು ಕಟ್ಟಿದ ನೆಕ್ಸ್ಟ್ ಕಂಪನಿಯ ಕಾಲದ್ದು. ಆ ಕಂಪನಿಯನ್ನು ಆ್ಯಪಲ್ ಕೊಂಡಾಗ ಈ ಪದ್ಧತಿಯೂ ಜೊತೆಗೆ ಬಂತು, ಐಫೋನಿನ ಉದ್ದಗಲಕ್ಕೂ ಉಳಿಯಿತು. ಒಂದೇ ಎಚ್ಚರ, ಡೆಲಿಗೇಟನ್ನು ದುರ್ಬಲ ಕೊಂಡಿಯಲ್ಲಿ ಹಿಡಿಯಬೇಕು. ಇಬ್ಬರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರೆ ಮದುವೆ ಮನೆಯ ಬಾಗಿಲಲ್ಲಿ 'ನೀವು ಮೊದಲು ಹೊರಡಿ, ನೀವು ಮೊದಲು ಹೊರಡಿ' ಎನ್ನುವ ನೆಂಟರಂತೆ ಇಬ್ಬರೂ ಹೊರಡುವುದಿಲ್ಲ. ಮೆಮೊರಿ ಖಾಲಿಯಾಗುವುದೇ ಇಲ್ಲ.

ಮೂರನೆಯದು ಕ್ಲೋಷರ್. ನನಗೆ ಬಹಳ ಇಷ್ಟವಾದದ್ದು. ಅಂಚೆ ಇಲಾಖೆಯ ಜವಾಬಿ ಕಾರ್ಡು ನೆನಪಿದೆಯಾ? ಎರಡು ಕಾರ್ಡು ಒಟ್ಟಿಗೆ ಜೋಡಿಸಿ ಇರುತ್ತಿತ್ತು. ಒಂದರಲ್ಲಿ ನಮ್ಮ ಕಾಗದ, ಇನ್ನೊಂದರಲ್ಲಿ ನಮ್ಮದೇ ವಿಳಾಸ ಮೊದಲೇ ಬರೆದಿಟ್ಟು ಕಳಿಸುವುದು. ಸಿಕ್ಕಿದವರು ಉತ್ತರ ಗೀಚಿ ಡಬ್ಬಿಗೆ ಹಾಕಿದರೆ ಸಾಕು, ವಿಳಾಸ ಹುಡುಕಬೇಕಾಗಿಲ್ಲ, ಸ್ಟಾಂಪು ಹಚ್ಚಬೇಕಾಗಿಲ್ಲ. ಕ್ಲೋಷರ್ ಎಂದರೆ ಅದೇ. ಎರಡನೇ ಪರದೆಗೆ 'ಅಂಕಿ ಸಿಕ್ಕಿದ ಕೂಡಲೇ ಇದರಲ್ಲಿ ಬರೆದು ಹಾಕು' ಎಂದು ಒಂದು ಕಾರ್ಡು ಕೊಟ್ಟು ಕಳಿಸುತ್ತೀರಿ. ಅದು ಯಾರಿಗೆ ಹೋಗುತ್ತದೆ, ಅವರು ಏನು ಮಾಡುತ್ತಾರೆ ಎಂಬ ತಲೆಬಿಸಿ ಅದಕ್ಕಿಲ್ಲ. 2010ರಲ್ಲಿ 'ಬ್ಲಾಕ್' ಎಂಬ ಹೆಸರಿನಲ್ಲಿ ಐಫೋನಿಗೆ ಬಂತು, 2014ರಲ್ಲಿ ಸ್ವಿಫ್ಟ್ ಭಾಷೆ ಬಂದ ಮೇಲೆ ಬರೆಯಲು ಇನ್ನಷ್ಟು ಹಗುರವಾಯಿತು. ಒಂದು ಪ್ರಶ್ನೆ, ಒಂದು ಉತ್ತರ ಇದ್ದಲ್ಲಿ ಕ್ಲೋಷರ್. ಹತ್ತು ಬಗೆಯ ಮಾತುಕತೆ ಇದ್ದಲ್ಲಿ ಡೆಲಿಗೇಟ್. ಇದು ನನ್ನ ಲೆಕ್ಕಾಚಾರ. ಕ್ಲೋಷರಿನಲ್ಲೂ ಮೇಲೆ ಹೇಳಿದ ಗಟ್ಟಿ ಹಿಡಿತದ ಎಚ್ಚರ ಬೇಕು.

ನಾಲ್ಕನೆಯದು ಸಿಂಗಲ್ಟನ್. ಇಡೀ ಆ್ಯಪಿಗೆ ಒಂದೇ ಒಂದು ಕರಿಹಲಗೆ, ಪೇಟೆಯ ನಡುವೆ. ಯಾರು ಬೇಕಾದರೂ ಬಂದು ಓದಬಹುದು, ಯಾರು ಬೇಕಾದರೂ ಬರೆಯಬಹುದು, ಒರೆಸಬಹುದು. ಶುರುವಿಗೆ ಬಹಳ ಅನುಕೂಲ. ಆಮೇಲೊಂದು ದಿನ ಹಲಗೆಯಲ್ಲಿ ತಪ್ಪು ಅಂಕಿ ಕಾಣಿಸುತ್ತದೆ, ಬರೆದವರು ಯಾರು ಎಂದು ಹುಡುಕಲು ಇಡೀ ಪೇಟೆಯವರನ್ನು ವಿಚಾರಿಸಬೇಕು.

ಐದನೆಯದೇ ಆ ಮೈಕು.

*

ಇಲ್ಲಿ ಒಬ್ಬರಾದರೂ 'ಇದ್ಯಾವುದೂ ಬೇಡ, ಪರದೆ ಮತ್ತೆ ಕಾಣಿಸಿಕೊಳ್ಳುವಾಗ ತಾನೇ ಹೋಗಿ ಹೊಸ ಲೆಕ್ಕ ಓದಿಕೊಂಡರೆ ಆಯಿತಲ್ಲ?' ಎಂದು ಕೇಳುತ್ತಾರೆ. ಐಫೋನಿನಲ್ಲಿ ಅದಕ್ಕೆ 'ವ್ಯೂ ವಿಲ್ ಅಪಿಯರ್' ಎಂಬ ಹಂತ ಇದೆ, ಪರದೆ ಕಣ್ಣೆದುರು ಬರುವ ಪ್ರತಿ ಸಲವೂ ಅದು ನಡೆಯುತ್ತದೆ. ಬಹಳ ಆ್ಯಪುಗಳು ಇದನ್ನೇ ನಂಬಿಕೊಂಡಿದ್ದವು. 2019ರಲ್ಲಿ ಐಓಎಸ್ 13 ಬಂತು. ಅಲ್ಲಿಯವರೆಗೆ ಮೇಲೆ ತೆರೆದುಕೊಳ್ಳುವ ಪರದೆ ಇಡೀ ಫೋನನ್ನು ಮುಚ್ಚುತ್ತಿತ್ತು. ಆ ಆವೃತ್ತಿಯಿಂದ ಅದು ಕಾರ್ಡಿನ ಹಾಗೆ ಮೇಲೆ ಕುಳಿತು, ಹಿಂದಿನ ಪರದೆ ಅಂಚಿನಲ್ಲಿ ಸ್ವಲ್ಪ ಕಾಣುವ ಹಾಗೆ ಆಯಿತು. ಬೆರಳಲ್ಲಿ ಕೆಳಗೆ ಎಳೆದರೆ ಕಾರ್ಡು ಹೋಯಿತು. ಹಿಂದಿನ ಪರದೆ ಮರೆಯೇ ಆಗಿರಲಿಲ್ಲವಾದ್ದರಿಂದ ಅದಕ್ಕೆ 'ಮತ್ತೆ ಕಾಣಿಸಿಕೊಳ್ಳುವ' ಪ್ರಶ್ನೆಯೇ ಇಲ್ಲ! ಹೊಸ ಲೆಕ್ಕ ಓದುವ ಹಂತ ನಡೆಯಲೇ ಇಲ್ಲ. ಹೊಸ ಐಓಎಸ್‌ಗೆ ತಕ್ಕಂತೆ ಮತ್ತೆ ಕಟ್ಟಿದ ಕೂಡಲೇ ಎಷ್ಟೋ ಆ್ಯಪುಗಳಲ್ಲಿ ಉಳಿಸಿದ್ದು ಪಟ್ಟಿಯಲ್ಲಿ ಕಾಣಿಸದೆ ಪ್ರೋಗ್ರಾಮರುಗಳು ತಲೆ ಕೆರೆದುಕೊಂಡರು. ಜವಾಬಿ ಕಾರ್ಡು ಕೊಟ್ಟು ಕಳಿಸಿದವರಿಗೆ ಈ ತೊಂದರೆ ಬರಲಿಲ್ಲ. ಪರದೆ ಹೇಗೆ ತೆರೆದರೇನು, ಹೇಗೆ ಮುಚ್ಚಿದರೇನು, 'ಉಳಿಸು' ಒತ್ತಿದಾಗ ಉತ್ತರ ಬಂದೇ ಬರುತ್ತದೆ.

ಮೈಕಿನ ಬಗ್ಗೆ ಇನ್ನೊಂದು ಮಾತು. ಯುನಿಕೋಡ್ ಕನ್ನಡದ ಜೊತೆ ಗುದ್ದಾಡಿದ ಬ್ಲಾಗಿಗರಿಗೆ ಇದು ಬೇಗ ಅರ್ಥವಾದೀತು. ಮೈಕಿನಲ್ಲಿ ಸಾರುವ ಸುದ್ದಿಗೆ ಒಂದು ಹೆಸರಿರುತ್ತದೆ, ಆ ಹೆಸರು ಬರೀ ಅಕ್ಷರಗಳ ಸಾಲು. ಸಾರುವ ಕಡೆ ಒಂದಕ್ಷರ ತಪ್ಪಿದರೂ ಕಂಪೈಲರ್ ಕೆಮ್ಮುವುದಿಲ್ಲ. ಸುದ್ದಿ ಹೋಗುತ್ತದೆ, ಯಾರಿಗೂ ಕೇಳುವುದಿಲ್ಲ. ಹುಡುಗ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದ, ಅದೇನೂ ತಪ್ಪಲ್ಲ. ಸ್ವಿಫ್ಟ್ ಭಾಷೆಯಲ್ಲಿ ಚರಗಳಿಗೂ ಕನ್ನಡದಲ್ಲಿ ಹೆಸರಿಡಬಹುದು. ಆದರೆ ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಹಾಕುವ ಆ ಕಣ್ಣಿಗೆ ಕಾಣದ ಜೋಡಿಮುರುಕ ಅಕ್ಷರ ಇದೆಯಲ್ಲ, ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಗಣಕಕ್ಕೆ ಅವು ಎರಡು ಬೇರೆ ಬೇರೆ ಹೆಸರು. ಬಹಳ ಸಲ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹೆಸರನ್ನು ಒಂದೇ ಕಡೆ ಬರೆದಿಟ್ಟು ಎಲ್ಲ ಕಡೆ ಅದನ್ನೇ ಬಳಸಿದರೆ ಇದನ್ನು ತಪ್ಪಿಸಬಹುದು, ನಿಜ. ಆದರೆ ಡೆಲಿಗೇಟಿನಲ್ಲೋ ಕ್ಲೋಷರಿನಲ್ಲೋ ಈ ತಾಪತ್ರಯವೇ ಇಲ್ಲ. ಹೆಸರು ತಪ್ಪಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಆಂಡ್ರಾಯ್ಡಿನವರು ನಗುವುದು ಬೇಡ. ಅಲ್ಲಿಯೂ ಲೋಕಲ್ ಬ್ರಾಡ್‌ಕಾಸ್ಟ್ ಮ್ಯಾನೇಜರ್ ಎಂದು ಇದೇ ಥರದ ಮೈಕು ಇತ್ತು. ಆ್ಯಪಿನ ಯಾವ ಭಾಗ ಬೇಕಾದರೂ ಯಾವ ಭಾಗದ ಮಾತನ್ನಾದರೂ ಕೇಳುವ ಹಾಗಾಗುತ್ತದೆ, ಇದು ಬೇಡ ಎಂದು ಗೂಗಲ್ಲೇ ಅದನ್ನು ಹಳತೆಂದು ಬದಿಗಿಟ್ಟಿತು.

ಹಾಗಂತ ಮೈಕು ಸುಟ್ಟುಬಿಡಿ ಎನ್ನುತ್ತಿಲ್ಲ. ನಿಜವಾಗಿ ಊರಿಗೆಲ್ಲ ಸಂಬಂಧಪಟ್ಟ ಸುದ್ದಿ ಇರುತ್ತದೆ. ಕೀಲಿಮಣೆ ಮೇಲೆ ಬಂತು, ಮೆಮೊರಿ ಕಡಿಮೆಯಾಯಿತು, ಫೋನಿನ ಸಮಯವಲಯ ಬದಲಾಯಿತು. ಇವನ್ನೆಲ್ಲ ಐಫೋನ್ ಮೈಕಿನಲ್ಲೇ ಸಾರುತ್ತದೆ, ಅದೇ ಸರಿ. 2019ರ ಆಗಸ್ಟ್ 9ರಂದು ಚಾರ್ಮಾಡಿ ಕಡೆ ಗುಡ್ಡ ಜರಿದು ಮೃತ್ಯುಂಜಯ ನದಿ ಉಕ್ಕಿ ಹರಿಯಿತಲ್ಲ, ಅಂಥ ದಿನ ಮೈಕು ಬೇಕೇ ಬೇಕು, ಯಾರಿಗೆ ಕೇಳುತ್ತದೆ ಎಂದು ನೋಡುತ್ತಾ ಕೂರುವ ಸಮಯವಲ್ಲ. ಆದರೆ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕೇಳಲು ಯಾರಾದರೂ ಮೈಕು ಹಿಡಿಯುತ್ತಾರಾ?

*

ಇನ್ನೂ ಒಂದು ಪ್ರಶ್ನೆ ಉಳಿಯಿತು. ಪಟ್ಟಿಯ ಪರದೆ ಬರೆಯುವ ಪರದೆಯನ್ನು ತೆರೆದು ಕಾರ್ಡು ಕೊಟ್ಟು ಕಳಿಸುತ್ತದೆ, ಸರಿ. ಪಕ್ಕದ ಟ್ಯಾಬಿನಲ್ಲಿರುವ ಮದ್ದಿನ ಪರದೆಗೆ ಯಾರು ಹೇಳಬೇಕು? ಅದು ಪಟ್ಟಿಗೂ ಸಂಬಂಧವಿಲ್ಲ, ಬರೆಯುವ ಪರದೆಗೂ ಇಲ್ಲ.

ನಮ್ಮ ತಾಲೂಕಿನವರಿಗೆ ಇದರ ಉತ್ತರ ಹೊಸದಲ್ಲ. ಧರ್ಮಸ್ಥಳ ಮೇಳದ ಆಟ ನೋಡುತ್ತಾ ಬೆಳೆದವರು ನಾವು. ರಂಗಸ್ಥಳದಲ್ಲಿ ಮಾತಾಡುತ್ತಿರುವ ವೇಷ ತನ್ನ ಪದ್ಯಕ್ಕೆ ಕುಣಿದು, ಅರ್ಥ ಹೇಳಿ ಹೋಗುತ್ತದೆ. ಮುಂದಿನ ವೇಷವನ್ನು ಕರೆದುಕೊಂಡು ಬರಲು ಅದು ಚೌಕಿಗೆ ಓಡುವುದಿಲ್ಲ. ಯಾವ ಪದ್ಯ ಆದ ಮೇಲೆ ಯಾವ ಪದ್ಯ, ಯಾರು ಬರಬೇಕು, ಯಾರು ಹೋಗಬೇಕು, ಮಾತು ಉದ್ದವಾದರೆ ಎಲ್ಲಿ ಕಡಿಯಬೇಕು, ಎಲ್ಲ ಭಾಗವತರ ಕೈಯಲ್ಲಿ. ಬಣ್ಣ ಹಚ್ಚದಿದ್ದರೂ ಭಾಗವತರನ್ನೇ ಮೊದಲನೇ ವೇಷ ಎನ್ನುವುದು ಸುಮ್ಮನೆ ಅಲ್ಲ.

ಆ್ಯಪಿಗೂ ಒಬ್ಬ ಭಾಗವತ ಬೇಕು. ಸೊರೂಶ್ ಖಾನ್ಲೂ ಎಂಬ ಪ್ರೋಗ್ರಾಮರ್ 2015ರಲ್ಲಿ ಕೋಆರ್ಡಿನೇಟರ್ ಎಂಬ ಹೆಸರಿನಲ್ಲಿ ಇದನ್ನು ಬರೆದು ಪ್ರಚಾರಕ್ಕೆ ತಂದರು. ಪರದೆಗಳು ಒಂದನ್ನೊಂದು ತೆರೆಯುವುದಿಲ್ಲ. 'ಇಂಥದ್ದನ್ನು ಒತ್ತಿದರು', 'ಇಷ್ಟು ಅಂಕಿ ಬರೆದರು' ಎಂದು ಕೋಆರ್ಡಿನೇಟರಿಗೆ ಹೇಳಿ ಸುಮ್ಮನಾಗುತ್ತವೆ. ಮುಂದೆ ಯಾವ ಪರದೆ ಬರಬೇಕು, ಆ ಅಂಕಿ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುವುದು ಅದರ ಕೆಲಸ.

ಒಂದು ಭಾನುವಾರ ಕುಳಿತು ಮಾವನ ಆ್ಯಪಿಗೆ ಇದನ್ನೇ ಮಾಡಿದೆ. ಮಳೆಯ ಲೆಕ್ಕ ಈಗ ಒಂದೇ ಪುಸ್ತಕದಲ್ಲಿ ಇದೆ. ಪಟ್ಟಿ, ಮದ್ದು ಎರಡೂ ಪರದೆಗಳಿಗೆ ಅದನ್ನು ಓದಲು ಮಾತ್ರ ಕೊಟ್ಟಿದ್ದೇನೆ. ಯಾವ ಪರದೆಯೂ ತನ್ನದೇ ಪ್ರತಿ ಇಟ್ಟುಕೊಂಡು ಕೂಡಿಸುತ್ತಾ ಕೂರುವುದಿಲ್ಲ. ಬರೆಯುವ ಪರದೆಗಂತೂ ಪುಸ್ತಕ ಇದೆ ಎಂಬುದೇ ಗೊತ್ತಿಲ್ಲ. ಅದಕ್ಕೆ ಕೊಡುವುದು ಒಂದು ದಿನಾಂಕ, ಒಂದು ಹಳೆಯ ಅಂಕಿ, ಒಂದು ಜವಾಬಿ ಕಾರ್ಡು. ಕಾರ್ಡು ಬರುವುದು ಭಾಗವತರಿಗೆ. ಅವರು ಪುಸ್ತಕದಲ್ಲಿ ಆ ದಿನದ ಮನೆಯಲ್ಲಿ ಅಂಕಿ ಬರೆದು, ಎದ್ದಿರುವ ಪರದೆಗಳಿಗೆ 'ಮತ್ತೊಮ್ಮೆ ಓದಿ' ಎನ್ನುತ್ತಾರೆ. ಇನ್ನೂ ಏಳದ ಪರದೆ ಎದ್ದಾಗ ಹೇಗೂ ಪುಸ್ತಕವನ್ನೇ ಓದುತ್ತದೆ. 42 ಹೋಗಿ 24 ಆದರೆ ಎಲ್ಲ ಕಡೆಯೂ 24. ಕೋಡಿನ ಸಾಲುಗಳು ಮೊದಲಿಗಿಂತ ಸ್ವಲ್ಪ ಹೆಚ್ಚೇ ಆದವು. ಆಗಲಿ.

'ಮೂರು ಪರದೆಯ ಆ್ಯಪಿಗೆ ಇಷ್ಟೆಲ್ಲ ಯಾಕೆ?' ಎಂದು ನನ್ನ ಸಹೋದ್ಯೋಗಿಯೊಬ್ಬ ಕೇಳಿದ. ನನ್ನ ಪ್ರಕಾರ ಸಣ್ಣ ಆ್ಯಪಿಗೇ ಇದು ಹೆಚ್ಚು ಬೇಕು. ದೊಡ್ಡ ಕಂಪನಿಯ ಆ್ಯಪಿಗೆ ಪರೀಕ್ಷೆ ಮಾಡುವವರು ಇರುತ್ತಾರೆ, ಬಿದ್ದರೆ ಎತ್ತುವವರು ಇರುತ್ತಾರೆ. ಊರಿನ ಸೊಸೈಟಿಗೋ, ಶಾಲೆಗೋ, ಮಾವನಿಗೋ ಬರೆದುಕೊಟ್ಟ ಆ್ಯಪಿಗೆ ಯಾರೂ ಇರುವುದಿಲ್ಲ. ಬರೆದವನು ಕೆಲಸ ಸಿಕ್ಕಿ ಹೋಗುತ್ತಾನೆ. ಐದು ವರ್ಷದ ನಂತರ ಬೇರೆ ಯಾರೋ ಬಿಚ್ಚಿ ನೋಡಿದಾಗ, ಯಾವ ಸುದ್ದಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸುವ ಹಾಗಿರಬೇಕು. ಮೈಕು ಕಟ್ಟಿದ ಕೋಡಿನಲ್ಲಿ ಅದು ಆಗುವುದಿಲ್ಲ.

'ಸ್ವಿಫ್ಟ್‌ಯುಐ ಬಂದ ಮೇಲೆ ವ್ಯೂ ಕಂಟ್ರೋಲರುಗಳ ಕತೆಯೇ ಹಳತಾಯಿತು' ಎಂಬ ವಾದವೂ ಉಂಟು. 2019ರಲ್ಲಿ ಬಂದ ಆ ಪದ್ಧತಿ 'ಸತ್ಯದ ಮೂಲ ಒಂದೇ ಇರಲಿ' ಎನ್ನುತ್ತದೆ, ಪರದೆಗಳು ಅದನ್ನು ನೋಡಿ ತಾವಾಗಿಯೇ ಬದಲಾಗುತ್ತವೆ. ಒಳ್ಳೆಯದೇ, ನನ್ನ ಒಂದು ಪುಸ್ತಕದ ವಾದಕ್ಕೆ ಅದು ಬೆಂಬಲವೇ. ಆದರೆ ಅಲ್ಲಿಯೂ ಎಲ್ಲ ಪರದೆಗಳಿಗೂ ಒಂದೇ ದೊಡ್ಡ ವಸ್ತುವನ್ನು ಗಾಳಿಯಲ್ಲಿ ಹಂಚಿಬಿಡುವ ಅನುಕೂಲ ಇದೆ, ಜನ ಅದನ್ನೇ ಮಾಡುತ್ತಿದ್ದಾರೆ. ಪೇಟೆ ನಡುವಿನ ಕರಿಹಲಗೆ ಹೊಸ ಬಣ್ಣ ಹಚ್ಚಿಕೊಂಡು ವಾಪಸು ಬಂದಿದೆ, ಅಷ್ಟೆ. ಈ ಪರದೆಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು ಎಂಬ ಪ್ರಶ್ನೆಗೆ ಯಾವ ಹೊಸ ಪದ್ಧತಿಯೂ ನಮ್ಮ ಪರವಾಗಿ ಉತ್ತರ ಕೊಡುವುದಿಲ್ಲ.

ಅಂದ ಹಾಗೆ, ಕನ್ನಡದಲ್ಲಿ ಆ್ಯಪ್ ಬರೆಯುವ ಹುಡುಗರು ಹುಡುಗಿಯರು ಈಗ ಬೇಕಾದಷ್ಟು ಜನ ಇದ್ದಾರೆ. ಅಕ್ಷರ ಚಂದ ಕಾಣಿಸಬೇಕು, ಅನುವಾದ ಸರಿ ಇರಬೇಕು ಎಂದು ನಾವೆಲ್ಲ ಬ್ಲಾಗುಗಳಲ್ಲಿ ಸಾಕಷ್ಟು ಬರೆದಿದ್ದೇವೆ. ಒಳಗಿನ ಕಟ್ಟುವಿಕೆಯ ಬಗ್ಗೆ ಕನ್ನಡದಲ್ಲಿ ಬರೆದದ್ದು ಬಹಳ ಕಡಿಮೆ. ಡೆಲಿಗೇಟಿಗೆ ಒಂದು ಒಳ್ಳೆಯ ಕನ್ನಡ ಪದ ಯಾರಾದರೂ ಸೂಚಿಸಿ. 'ನಿಯೋಗಿ' ಎಂದರೆ ನನಗೆ ದೆಹಲಿಗೆ ಹೊರಟವರ ನೆನಪಾಗುತ್ತದೆ :-)

ಮಾವ? ಈಗ ಫೋನಿನಲ್ಲೂ ಬರೆಯುತ್ತಾರೆ, ಕ್ಯಾಲೆಂಡರಿನಲ್ಲೂ ಬರೆಯುತ್ತಾರೆ. ತಿಂಗಳ ಕೊನೆಗೆ ಎರಡನ್ನೂ ಕೂಡಿಸಿ ತಾಳೆ ನೋಡುತ್ತಾರೆ. ಇಲ್ಲಿಯವರೆಗೆ ಸರಿಯಾಗಿದೆಯಂತೆ. ಆದರೂ ಕ್ಯಾಲೆಂಡರ್ ಬಿಡುವ ಅಂದಾಜು ಕಾಣುವುದಿಲ್ಲ. ಬಿಡಿ ಎಂದು ನಾನೂ ಹೇಳಿಲ್ಲ.